ಅರಸುಮಣೆಯ ಬಡಗಿ

ಸಂತ ಮಾರ್ಟಿನನ ಹಬ್ಬಕ್ಕೆ ಇನ್ನು ಮೂರು ದಿನವಿತ್ತು. ಆ ಬೆಳಗ್ಗೆ ಥಾರ್ನ್‌ಬರ್ನ್ ಊರಿನ ಮೇಲೆ ಮಂಜು ಹಸಿ ಕಂಬಳಿಯ ಹಾಗೆ ಬಿದ್ದಿತ್ತು. ಇಗರ್ಜಿಯ ಗಂಟೆ ಕೇಳುತ್ತಿತ್ತು, ಇಗರ್ಜಿ ಕಾಣುತ್ತಿರಲಿಲ್ಲ. ದೇವರ ವಿಷಯವೂ ಬಹುಪಾಲು ಹೀಗೆಯೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಆ ಮಂಜಿನಿಂದ ಪಾರುಪತ್ಯಗಾರ ಹೆರೆಬರ್ಟ್ ಮೊದಲು ಕೆಮ್ಮಾಗಿ, ಆಮೇಲೆ ಮೂಗಾಗಿ, ಕೊನೆಗೆ ಇಡಿಯಾಗಿ ಬಡಗಿ ಓಸ್ಗರನ ಅಂಗಳಕ್ಕೆ ಬಂದ.

"ಓಸ್ಗರ್, ಇವತ್ತು ಸಾಯಂಕಾಲ ದೊರೆ ಊಟಕ್ಕೆ ಬರ್ತಾರೆ."

"ವರ್ಷಾ ವರ್ಷಾ ಬರ್ತಾರಲ್ಲ ಬುದ್ದಿ. ನಮ್ಮ ಪಾಲಿನ ಜೇನು, ಎರಡು ಕೋಳಿ ಆಗಲೇ ಕೊಟ್ಟಾಯ್ತು."

"ಈ ಸಲ ಹೆಂಡತೀನೂ ಬರ್ತಾರೆ. ಹೊಸಬರು, ಸಮುದ್ರದಾಚೆಯವರು. ಅವರಿಗೆ ಕೂರಕ್ಕೆ ಏನಾದ್ರೂ ಮಾಡು."

ನಮ್ಮ ನುಡಿಯಲ್ಲಿ ದೊಡ್ಡ ಪದವಿಗಳಿಗೆಲ್ಲ ಸಣ್ಣ ಅರ್ಥದ ಹೆಸರು. ಒಡೆಯನೆಂದರೆ ರೊಟ್ಟಿ ಕಾಯುವವನು, ಒಡತಿಯೆಂದರೆ ಹಿಟ್ಟು ನಾದುವವಳು, ದೊರೆಯೆಂದರೆ ಕುಲದ ಮಗ. ದೊರೆಯ ಹೆಂಡತಿಗೆ ಕ್ವೆನ್ ಎನ್ನಬಹುದಿತ್ತು. ಅದಕ್ಕೂ ಹೆಂಗಸು ಎಂದಷ್ಟೇ ಅರ್ಥ. ಆದರೆ ಹಿಂದೆ ಯಾವಳೋ ಒಬ್ಬಳು ಗಂಡನ ಬಟ್ಟಲಿಗೆ ವಿಷ ಬೆರೆಸಿದ್ದಳಂತೆ. ಅಂದಿನಿಂದ ನಮ್ಮವರು ದೊರೆಯ ಹೆಂಡತಿಗೆ ಆ ಹೆಸರನ್ನೂ ಕೊಡುತ್ತಿರಲಿಲ್ಲ, ಅವಳನ್ನು ದೊರೆಯ ಪಕ್ಕ ಕೂರಲೂ ಬಿಡುತ್ತಿರಲಿಲ್ಲ.

"ದೊರೆ ಪೀಠಕ್ಕೆ ಸಮ ಇರಬಾರದು, ಆಳುಗಳ ಬೆಂಚಿನ ಥರಾನೂ ಇರಬಾರದು" ಎಂದ ಹೆರೆಬರ್ಟ್. "ನೋಡಿದ್ರೆ ಮರ್ಯಾದೆ ಕಾಣ್ಬೇಕು, ಅಧಿಕಾರ ಕಾಣ್ಬಾರದು."

"ನಾನು ಮುಕ್ಕಾಲಿ ಬಿಟ್ಟು ಬೇರೇನೂ ಮಾಡಿದವನಲ್ಲ ಬುದ್ದಿ."

"ಊರಲ್ಲಿ ಇನ್ನೊಬ್ಬ ಬಡಗಿ ಇದ್ರೆ ತೋರ್ಸು, ಅಲ್ಲಿಗೇ ಹೋಗ್ತೀನಿ."

ದೊರೆಯ ಕೆಲಸ ಹಿಡಿದವನು ಒತ್ತೆ ಇಡಬೇಕೆಂಬುದು ಕಟ್ಟಳೆ. ಹೆರೆಬರ್ಟ್ ಗೋಡೆಗೆ ಒರಗಿದ್ದ ಕೊಡಲಿಯನ್ನು ಎತ್ತಿಕೊಂಡ. ಅದು ಓಸ್ಗರನ ಅಪ್ಪನ ಕೊಡಲಿ. ಅದಿಲ್ಲದೆ ಮರ ಉರುಳದು, ಮರ ಉರುಳದೆ ಬಡಗಿಯಿಲ್ಲ.

"ಕೆಲಸ ಕೆಡ್ತೋ, ಇದು ದೊರೆ ಮನೆಗೆ. ನೀನು ನಾಳೆಯಿಂದ ಹೊಲದ ಕಾಲುವೆ ತೋಡಕ್ಕೆ."

ಕೊಟ್ಟಿಗೆಯಿಂದ ಓಸ್ಗರನ ಹೆಂಡತಿ ಹಿಲ್ಡಿತ್ ಕೂಗಿ ಹೇಳಿದಳು: "ಕಾಲುವೇನಾದ್ರೂ ನೆಟ್ಟಗೆ ತೋಡ್ತಾರಾ ನೋಡಿ ಮೊದಲು."

ಓಸ್ಗರ್ ಶಿಲುಬೆಯ ಗುರುತು ಹಾಕಿಕೊಂಡು, ಮೂಲೆಯಲ್ಲಿದ್ದ ಓಕ್ ಹಲಗೆಗಳನ್ನು ಎಳೆದು, ಬಾಚಿ ಹಿಡಿದು ಕೂತ. ಮಧ್ಯಾಹ್ನದ ಹೊತ್ತಿಗೆ ಮಂಜು ಹರಿಯಿತು, ಕುರ್ಚಿಯೂ ಎದ್ದು ನಿಂತಿತು. ನಾಲ್ಕು ಕಾಲು, ಒರಗಲು ಬೆನ್ನು, ಎರಡು ಕೈ. ತನ್ನ ಕೈಯಿಂದ ಇಂಥದ್ದು ಬಂತಲ್ಲ ಎಂದು ಅವನಿಗೇ ಬೆರಗಾಯಿತು. ಕೋಳಿ ಕೂತಿದ್ದ ಮೊಟ್ಟೆಯಿಂದ ಹಂಸ ಹೊರಬಂದಂತಿತ್ತು.

ಆಗ ಹಾವುಮೀನು ಹಿಡಿಯುವ ಬೊಟ್ಟ ಬುಟ್ಟಿ ಹೊತ್ತು ಬಂದ. ಕುರ್ಚಿಯನ್ನು ಒಂದು ಸುತ್ತು ಬಂದು ನಾಲಗೆ ಲೊಚಗುಟ್ಟಿದ.

"ಬೆನ್ನು ಇಟ್ಟಿದೀಯಲ್ಲೋ ಮಾರಾಯ. ಬೆನ್ನಿರೋದು ದೊರೆ ಪೀಠಕ್ಕೆ ಮಾತ್ರ. ಕೊಡಲಿ ಹೋಯ್ತು ಅಂತ ತಿಳ್ಕೋ."

ಓಸ್ಗರ್ ಬೆನ್ನು ಕೊಯ್ದ. ಬೊಟ್ಟ ಹೋಗುವುದಕ್ಕೂ ಪಕ್ಕದ ಮನೆಯ ಗೋಡ ಬರುವುದಕ್ಕೂ ಸರಿಹೋಯಿತು. ಅವಳ ಕೈಯಲ್ಲಿ ಗಂಟು ಹಾಕಿದ ದಾರವಿತ್ತು.

"ಊಟದ ಹಜಾರಕ್ಕೆ ಹೋಗಿ ದೊರೆ ಪೀಠ ಅಳ್ಕೊಂಡ್ ಬಂದೆ ಕಣಪ್ಪ, ನಿನ್ನ ಒಳ್ಳೇದಕ್ಕೆ. ಮೊದಲು ಆ ಕೈ ಎರಡೂ ತೆಗಿ, ಸಿಂಹಾಸನ ಅನ್ಕೊಂಡಾಳು. ಆಮೇಲೆ ಕಾಲು. ದೊರೆ ಪೀಠಕ್ಕಿಂತ ಇದು ಎರಡು ಬೆರಳು ಎತ್ತರ ಇದೆ."

ಓಸ್ಗರ್ ಕೈ ತೆಗೆದ, ಕಾಲು ಕೊಯ್ದ. ಕುರ್ಚಿ ಎಡಕ್ಕೆ ಕುಂಟಿತು. ಬಲಗಾಲು ಕೊಯ್ದ, ಬಲಕ್ಕೆ ಕುಂಟಿತು. ಹಿಂದಿನದು ಕೊಯ್ದರೆ ಹಿಂದಕ್ಕೆ, ಮುಂದಿನದು ಕೊಯ್ದರೆ ಮುಂದಕ್ಕೆ. ಬೊಟ್ಟ ಮತ್ತೆ ಬಂದ. ಅವನು ಒಂದು ಕಾಲು ತೋರಿಸಿದರೆ ಗೋಡ ಇನ್ನೊಂದು ತೋರಿಸಿದಳು. ಇಬ್ಬರು ವೈದ್ಯರ ಕೈಗೆ ಸಿಕ್ಕ ರೋಗಿಯ ಹಾಗೆ ಕುರ್ಚಿ ಇಳಿಯುತ್ತಾ ಹೋಗಿ, ಕೊನೆಗೆ ಒಂದು ಹಲಗೆ ನೆಲದ ಮೇಲೆ ನೆಮ್ಮದಿಯಾಗಿ ಮಲಗಿತು.

"ಈಗ ಕುಂಟಲ್ಲ ನೋಡು" ಎಂದ ಬೊಟ್ಟ.

ಅಷ್ಟರಲ್ಲಿ ಹೊಳೆಯ ಆಚೆ ದಂಡೆಯಲ್ಲಿ ಕಹಳೆ ಕೇಳಿಸಿತು.

ಓಸ್ಗರ್ ಕೊಟ್ಟಿಗೆಗೆ ಓಡಿದ. ಹಿಲ್ಡಿತ್ ಸಂಜೆಯ ಹಾಲು ಕರೆಯುತ್ತಿದ್ದಳು.

"ಏಳೇ ಸ್ವಲ್ಪ."

"ಹಸು ಹಾಲು ತೊರೆ ಬಿಟ್ಟಿದೆ, ಈಗ ಏಳು ಅಂತೀರಲ್ಲ."

ಅವನು ಅವಳ ಅಡಿಯಿಂದ ಮುಕ್ಕಾಲಿ ಎಳೆದುಕೊಂಡು ಓಡಿದ. ಹಿಲ್ಡಿತ್ ಹುಲ್ಲಿನ ಮೇಲೆ ಕೂತಳು. ಹಸು ತಿರುಗಿ ಇಬ್ಬರನ್ನೂ ನೋಡಿತು.

ಹಜಾರದಲ್ಲಿ ಬೆಂಕಿ ಉರಿಯುತ್ತಿತ್ತು. ಮೂವತ್ತು ಹೆಜ್ಜೆ ಆಚೆ, ಎತ್ತರದ ಜಗಲಿಯ ಮೇಲೆ ದೊರೆಯ ಪೀಠ ತಣ್ಣಗೆ ನಿಂತಿತ್ತು. ಓಸ್ಗರ್ ಮುಕ್ಕಾಲಿಯನ್ನು ಬೆಂಕಿಯ ಹತ್ತಿರ ಇಟ್ಟು ಕಂಬದ ಮರೆಗೆ ಸರಿದ. ಅದರಿಂದ ಹಸುವಿನ ವಾಸನೆ ಬರುತ್ತಿತ್ತು. ಹೆರೆಬರ್ಟ್ ಅದನ್ನು ನೋಡಿದ, ಓಸ್ಗರನನ್ನು ನೋಡಿದ, ಸೊಂಟದಲ್ಲಿ ಸಿಕ್ಕಿಸಿದ್ದ ಕೊಡಲಿಯನ್ನು ಒಮ್ಮೆ ತಡವಿದ. ಮಾತಾಡಲು ಹೊತ್ತಿರಲಿಲ್ಲ.

ದೊರೆ ಒಳಗೆ ಬಂದ. ಮುದುಕ, ಭಾರದ ಮೈ, ಮೂರು ದಿನ ಕುದುರೆಯ ಮೇಲೆ ನುಗ್ಗಾದ ಸೊಂಟ. ಜಗಲಿಯ ಮೆಟ್ಟಿಲು ನೋಡಿ ನಿಟ್ಟುಸಿರು ಬಿಟ್ಟ, ಬೆಂಕಿ ನೋಡಿದ, ಮುಕ್ಕಾಲಿ ನೋಡಿದ, ಮೆಲ್ಲಗೆ ಅದರ ಮೇಲೆ ಕೂತೇಬಿಟ್ಟ. ಮುಖದ ಗೆರೆಗಳೆಲ್ಲ ಒಂದೊಂದಾಗಿ ಸಡಿಲವಾದವು.

"ನಮ್ಮಜ್ಜಿ ಇಂಥದ್ರ ಮೇಲೆ ಕೂತು ಹಾಲು ಕರೀತಿದ್ದಳು. ನಾನಿನ್ನು ಏಳಲ್ಲ, ಊಟ ಇಲ್ಲಿಗೇ ತನ್ನಿ."

ಹಿಂದೆ ಬಂದ ಹೊಸ ಹೆಂಡತಿ ನಿಂತೇ ಇದ್ದಳು. ಅವಳು ತೊದಲು ಮಾತಿನಲ್ಲಿ ಹೆರೆಬರ್ಟ್‌ನನ್ನು ಕೇಳಿದಳು:

"ದೊರೆ ಪಕ್ಕ ನಾನು ಕೂರಬಾರದು, ಅಲ್ವಾ?"

"ಕೂರಬಾರದು ತಾಯಿ. ಕಟ್ಟಳೆ."

"ಅದು," ಅವಳು ದೂರದ ಪೀಠವನ್ನು ತೋರಿಸಿದಳು, "ದೊರೆ ಪಕ್ಕ ಇದೆಯಾ?"

ಹೆರೆಬರ್ಟ್ ಕಣ್ಣಲ್ಲೇ ಹೆಜ್ಜೆ ಎಣಿಸಿದ. "ಇಲ್ಲ ತಾಯಿ."

ಅವಳು ನಿಧಾನವಾಗಿ ನಡೆದು, ಮೆಟ್ಟಿಲು ಹತ್ತಿ, ಪೀಠದಲ್ಲಿ ಕೂತು, ನಿಲುವಂಗಿಯ ಅಂಚು ಸರಿಮಾಡಿಕೊಂಡಳು.

ದೊರೆ ಹುಬ್ಬೆತ್ತಿ ಕೇಳಿದ: "ಏನಯ್ಯಾ ಪಾರುಪತ್ಯಗಾರ, ಇದಕ್ಕೇನಂತೀಯ?"

ತಲೆ ಆಗಲೇ ಉರುಳಿತೇನೋ ಎಂಬಂತೆ ಹೆರೆಬರ್ಟ್‌ಗೆ ಕತ್ತು ಹಗುರವಾಯಿತು. ಆದರೆ ಕಷ್ಟಕಾಲದಲ್ಲಿ ದೇವರು ನಾಲಗೆಗೆ ಬರುತ್ತಾನೆ.

"ನಮ್ಮ ಹಿರಿಯರು ದೊರೆ ಆಸನಕ್ಕೆ ಇಟ್ಟ ಹೆಸರು ಕಿನೆಸ್ಟೋಲ್, ಅರಸುಮಣೆ. ಗದ್ದುಗೆ ಅನ್ನಲಿಲ್ಲ, ಮಂಚ ಅನ್ನಲಿಲ್ಲ, ಬರೀ ಮಣೆ ಅಂದ್ರು. ಅರಸು ಎಲ್ಲಿ ಕೂತರೆ ಅದೇ ಅರಸುಮಣೆ. ಮೇಲಿರೋದು ಬರೀ ಮರ."

ದೊರೆ ಹೊಟ್ಟೆ ಕುಲುಕಿಸಿ ನಕ್ಕ. "ಹಂಗಾದ್ರೆ ಇದೇ ನನ್ನ ಅರಸುಮಣೆ. ಇನ್ನು ಎಲ್ಲಿ ಹೋದರೂ ಇದು ನನ್ನ ಜೊತೆ. ಯಾರಯ್ಯ ಮಾಡಿದ್ದು?"

ಓಸ್ಗರನನ್ನು ಕಂಬದಿಂದ ಕಿತ್ತು ತರಬೇಕಾಯಿತು. ದೊರೆ ತನ್ನ ಬಟ್ಟಲಿನಿಂದಲೇ ಅವನಿಗೆ ಜೇನುಮದ್ಯ ಕುಡಿಸಿದ. ಮೇಲಿನಿಂದ ಹೊಸ ಹೆಂಡತಿ ತಲೆ ಬಾಗಿಸಿದಳು. ಇಡೀ ದೇಶದಲ್ಲಿ ಅವಳಿಗೆ ಪೀಠ ಕೊಡಿಸಿದವನು ಇವನೊಬ್ಬನೇ. ಜನ ಅವನನ್ನು ಹೆಗಲ ಮೇಲೆ ಹೊತ್ತು ಬೀದಿ ತುಂಬಾ ಮೆರೆಸಿದರು. ಮುಂದೆ ಬೊಟ್ಟ ಮತ್ತು ಗೋಡ.

"ಕಾಲು ಎಷ್ಟಿರ್ಬೇಕು ಅಂತ ಹೇಳ್ಕೊಟ್ಟಿದ್ದೇ ನಾನು" ಎನ್ನುತ್ತಿದ್ದ ಬೊಟ್ಟ.

"ದಾರ ನಂದು" ಎನ್ನುತ್ತಿದ್ದಳು ಗೋಡ.

ಬಾಗಿಲಲ್ಲಿ ಹಿಲ್ಡಿತ್ ನಿಂತಿದ್ದಳು, ಚೆಲ್ಲಿದ ಹಾಲು ಲಂಗಕ್ಕೆ ಮೆತ್ತಿಕೊಂಡು. ಗಂಡ ಹೆಗಲುಗಳ ಮೇಲೆ ಬರುವುದನ್ನು ನೋಡಿ ನಗು ತಡೆಯಲಾಗಲಿಲ್ಲ.

"ದೊರೆಗೇನೋ ಕೂರಕ್ಕಾಯ್ತು. ನಂಗೆ?"

"ನಾಳೆ ಬೆಳಗ್ಗೆ ಹೊಸದು ಮಾಡ್ಕೊಡ್ತೀನಿ. ಹೂಬಳ್ಳಿ ಕೊರೆದು. ಇನ್ನು ನೋಡು, ನಾಡಿನ ಮುಕ್ಕಾಲಿಯೆಲ್ಲ ನಮ್ಮನೇದೇ."

ರಾತ್ರಿ ಊರು ಮಲಗುವ ಮೊದಲು ಹೆರೆಬರ್ಟ್ ಬಂದ. ಈ ಸಲ ಕೆಮ್ಮಲಿಲ್ಲ. ಹಿಂದೆ ಇಬ್ಬರು ಕಾವಲಿನವರು ಗಾಡಿ ಎಳೆದುಕೊಂಡು ಬಂದಿದ್ದರು. ಗಾಡಿಯ ತುಂಬ ಊರಿನ ಮುಕ್ಕಾಲಿಗಳು.

"ಹಿರಿಯರ ಸಭೆ ತೀರ್ಮಾನ ಆಯ್ತು ಓಸ್ಗರ್. ಮುಕ್ಕಾಲಿ ಈಗ ಅರಸುಮಣೆ. ಇನ್ನು ಈ ನಾಡಲ್ಲಿ ದೊರೆ ಬಿಟ್ಟು ಯಾರೂ ಅದರ ಮೇಲೆ ಕೂರೋ ಹಾಗಿಲ್ಲ, ಮಾಡೋ ಹಾಗೂ ಇಲ್ಲ."

"ದೊರೆಗೇ ಮಾಡ್ತೀನಿ ಬುದ್ದಿ."

"ದೊರೆಗೆ ಒಂದಿದೆ. ಗಟ್ಟಿಯಾಗಿದೆ. ನಿನ್ನ ಕೆಲಸ ಅಂದ್ರೆ ಮೂರು ತಲೆಮಾರು ಬರುತ್ತೆ ಅಂತ ದೊರೇನೇ ಹೊಗಳಿದ್ರು."

ಓಸ್ಗರ್ ಗಾಡಿಯನ್ನು ನೋಡುತ್ತ ನಿಂತ. ಒಂದೊಂದು ಮುಕ್ಕಾಲಿಯನ್ನೂ ಅವನು ಬಲ್ಲ. ಹಿಲ್ಡಿತ್ ಕೊಟ್ಟಿಗೆಗೆ ಹೋಗಿ, ಹಸುವಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಉಳಿದ ಹಾಲು ಕರೆಯತೊಡಗಿದಳು.

ಹೆರೆಬರ್ಟ್ ಸೊಂಟದಿಂದ ಒತ್ತೆಯ ಕೊಡಲಿ ತೆಗೆದ, ಅಲುಗನ್ನು ತನ್ನ ಅಂಗಿಯ ತೋಳಿಗೆ ಒರೆಸಿದ, ಹಿಡಿಯನ್ನು ಮುಂದೆ ಮಾಡಿ, ಎರಡೂ ಕೈಯಲ್ಲಿ ಬಡಗಿಗೆ ಹಿಂದಿರುಗಿಸಿದ.