ಈರುಳ್ಳಿ ಹೀರಿದ ನೆಗಡಿ

ಸಂಪಾದಕರಿಗೆ ನೆಗಡಿಯಾಗಿದ್ದೇ ತಪ್ಪಾಯಿತು. ವಾರಪತ್ರಿಕೆಯ ಕಚೇರಿಯಲ್ಲಿ ಮೇಜಿಗೊಂದು ತಟ್ಟೆ ಹೆಚ್ಚಿದ ಈರುಳ್ಳಿ ಬಂದು ಕೂತಿತು. ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ಕಣ್ಣೊರೆಸಿಕೊಳ್ಳುತ್ತ ಕೆಲಸ ಮಾಡುತ್ತಿದ್ದರು.

"ಈರುಳ್ಳಿ ಕೋಣೆಯಲ್ಲಿರೋ ರೋಗಾಣು ಹೀರತ್ತಂತೆ. ವಿಜ್ಞಾನ ಪುಟಕ್ಕೆ ಹಾಕೋಣ. ನಿಜವೋ ಸುಳ್ಳೋ ಸಂಜೆಯೊಳಗೆ ನೋಡಿ ಹೇಳಮ್ಮ," ಎಂದು ಸಂಪಾದಕರು ಕರಡು ತಿದ್ದುವ ಹುಡುಗಿಗೆ ಹೇಳಿ ಸೀನಿದರು.

ವಿಜ್ಞಾನ ಪುಟ ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿ ಆ ಕುರ್ಚಿ ಖಾಲಿ ಬಿದ್ದಿತ್ತು. ಅವಳ ಕಣ್ಣು ಅದರ ಮೇಲೇ. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಎಲ್ಲಕ್ಕೂ ಆಧಾರ ಕೇಳುತ್ತಾಳೆಂದು ಕಚೇರಿ ಅವಳಿಗಿಟ್ಟ ಹೆಸರು ಪುರಾವೆ ಪುಟ್ಟಿ.

"ನೋಡೋದೇನು ಬಂತು?" ಜಾಹೀರಾತು ತರುವ ಅಣ್ಣ ಮೊಬೈಲು ಚಾಚಿದ. "ಹತ್ತು ಗುಂಪಲ್ಲಿ ಬಂದಿದೆ. ಹತ್ತು ಜನ ಸುಳ್ಳು ಹೇಳ್ತಾರಾ?"

"ಹತ್ತರಲ್ಲೂ ಒಬ್ಬರೇ ಡಾಕ್ಟರ ಫೋಟೋ, ಅಣ್ಣ. ಹೆಸರು ಮಾತ್ರ ಹತ್ತು."

"ಪಾಪ, ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೀತಾರೇನೋ."

ಪುಟ ಜೋಡಿಸುವ ಅಕ್ಕ ಬಾಯಿ ಹಾಕಿದಳು. "ನಮ್ಮತ್ತೆ ಇಟ್ಟಿದ್ದ ಈರುಳ್ಳಿ ಮಾರನೇ ದಿನ ಕಪ್ಪಾಗಿತ್ತು ಕಣೇ. ರೋಗಾಣು ಅಲ್ದೆ ಇನ್ನೇನು?"

"ಖಾಲಿ ಮನೇಲಿಟ್ರೂ ಕಪ್ಪಾಗತ್ತಲ್ವಾ ಅಕ್ಕ?"

"ನಮ್ಮತ್ತೆ ಮನೆ ಯಾವತ್ತು ಖಾಲಿಯಿತ್ತು? ನಾದಿನಿಯರು ಬಿಟ್ರೆ ತಾನೆ."

ಸುದ್ದಿಯ ಬೇರು ಹಿಡಿದು ಹೊರಟರೆ, ಅದು ಈರುಳ್ಳಿ ಹೆಚ್ಚುವ ಯಂತ್ರ ಮಾರುವವರ ಅಂಗಳಕ್ಕೆ ಹೋಗಿ ಮುಟ್ಟಿತು. ಕೊನೆಗೆ ಹುಡುಗಿ ತಡವರಿಸುತ್ತ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯೊಬ್ಬರಿಗೆ ಫೋನು ಮಾಡಿದಳು. ಆಕೆ ಊಟ ಪಕ್ಕಕ್ಕಿಟ್ಟು ಮಾತಾಡಿದರು.

"ಈರುಳ್ಳಿಗೇನು ಮೂಗಿದೆಯಾ ಮಗಳೇ, ಹೀರೋಕೆ? ಆದರೆ ನನ್ನ ಮಾತನ್ನೂ ಹಾಗೇ ನಂಬಬೇಡ. ನೆಗಡಿ ಹೇಗೆ ಹರಡುತ್ತೆ ಅಂತ ಪ್ರಯೋಗ ಮಾಡಿದವರು ಬರೆದದ್ದು ಕಳಿಸ್ತೀನಿ, ನೀನೇ ಓದು."

ಗುರುತು ಪರಿಚಯವಿಲ್ಲದವಳಿಗಾಗಿ ಅನ್ನ ಆರಲು ಬಿಟ್ಟ ಆ ತಾಯಿಯನ್ನು ನೆನೆದು ಅವಳ ಕಣ್ಣು ತುಂಬಿತು. ಈ ಸಲ ಈರುಳ್ಳಿಯ ತಪ್ಪೇನೂ ಇರಲಿಲ್ಲ.

ಸಂಜೆ ಸಂಪಾದಕರು ಅವಳ ವರದಿ ಓದಿ ಎದ್ದೇ ನಿಂತರು. "ನಮ್ಮ ಮಾನ ಉಳಿಸಿದೆ ಕಣಮ್ಮ. ನಿನ್ನ ಋಣ ತೀರಿಸಬೇಕು. ನಿನಗೊಂದು ಪುಟ ಕೊಡ್ತೀನಿ."

ಹುಡುಗಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ವಿಜ್ಞಾನದ್ದಾ ಸರ್?"

"ಛೆ, ಅದನ್ನ ಯಾರು ಓದ್ತಾರೆ? ಅದು ನಮ್ಮ ಜಾಹೀರಾತಿನವನಿಗೆ. ಹತ್ತು ಗುಂಪಲ್ಲಿದ್ದಾನೆ, ಸುದ್ದಿಗೆ ಬರವಿಲ್ಲ. ನಿನ್ನಂಥ ನಂಬಿಕಸ್ಥೆ ಎಲ್ಲರೂ ಓದೋ ಕಡೆ ಇರಬೇಕು. ವಾರಭವಿಷ್ಯ ಇನ್ಮೇಲೆ ನಿಂದು."

"ಸರ್, ಅದಕ್ಕೆ ಆಧಾರ ಎಲ್ಲಿಂದ ತರಲಿ?"

"ನೀನು ಬರೆದ ಮೇಲೆ ಆಧಾರ ಯಾರು ಕೇಳ್ತಾರಮ್ಮ?"

ಅಷ್ಟರಲ್ಲಿ ಜಾಹೀರಾತಿನಣ್ಣ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಬಂದು ಕೂತಿದ್ದ. "ನಂದು ಸಿಂಹರಾಶಿ ಪುಟ್ಟಿ. ಒಳ್ಳೇದೋ ಕೆಟ್ಟದ್ದೋ, ಇದ್ದದ್ದು ಇದ್ದ ಹಾಗೆ ಬರಿ. ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ."