ಮೂರನೇ ಅಡಿಗಲ್ಲು

ಮೊಗಾಕ: ಚಪ್ಪಾಳೆ ತಟ್ಟು ಅಂದ್ರೆ ಬಾಯಿ ಹಾಕ್ತೀಯಲ್ಲೇ! ಈಗ ನೀನು ನನ್ನ ಹೆಂಡ್ತಿ ಅಲ್ಲ, ಜನ. ಜನ ಅಂದ್ಮೇಲೆ ಭಾಷಣದ ಮಧ್ಯೆ ಮಾತಾಡಬಾರದು.

ಕ್ವಾಂಬೊಕ: ನೀವು ಯಾವೂರ ಜನರನ್ನ ನೋಡಿದ್ದೀರೋ ಗೊತ್ತಿಲ್ಲ. ನಮ್ಮೂರ ಜನ ಮಾತಾಡ್ತಾರೆ.

ಮೊಗಾಕ: ನಾಳೆ ಮಾತಾಡಲ್ಲ. ಎಲ್ಲರ ಕೈಗೂ ಸೋಡಾ ಕೊಡ್ತಾರೆ. ಬಾಯಿ ತುಂಬಿರುತ್ತೆ.

ಮೊಗಾಕ ಅಂಗಳದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತಿದ್ದ. ತಲೆಯ ಮೇಲೆ ಆಳುವ ಪಕ್ಷದ ಟೋಪಿ, ಕೈಯಲ್ಲಿ ಮೈಕಿನ ಬದಲು ಮೆಕ್ಕೆಜೋಳದ ತೆನೆ. ಚುನಾವಣೆಗೆ ಇನ್ನು ಒಂದೇ ವಾರ. ಮರುದಿನ ಎಂ.ಪಿ. ಸಾಹೇಬರ ಸಭೆ, ಅಲ್ಲಿ ಸರ್ಕಾರದ ಸಾಧನೆಗಳನ್ನು ಹೇಳುವ ಹೊಣೆ ಮೊಗಾಕನದು. ಚೆನ್ನಾಗಿ ಹೇಳಿದರೆ ಸೇತುವೆ ಸಮಿತಿಯ ಅಧ್ಯಕ್ಷಗಿರಿ ಅವನಿಗೇ ಎಂದು ಮಾತಾಗಿತ್ತು. ಸೇತುವೆ ಇನ್ನೂ ಇರಲಿಲ್ಲ, ಸಮಿತಿ ಮಾತ್ರ ಬಹಳ ಭದ್ರವಾಗಿತ್ತು. ಅವನ ಹೆಂಡತಿ ಕ್ವಾಂಬೊಕ ಬಾಗಿಲಲ್ಲಿ ಕೂತು ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದಳು. ನಾನು ಬೇಲಿಯ ಈಚೆ ನನ್ನ ಚಹಾ ಗಿಡಗಳ ನಡುವೆ ಎಲೆ ಕೀಳುತ್ತಿದ್ದೆ. ಕೈಗೆ ಕೆಲಸವಿತ್ತು, ಕಿವಿಗೆ ಇರಲಿಲ್ಲ.

ಮೊಗಾಕ: (ತೆನೆಯನ್ನು ಬಾಯಿಗೆ ಹಿಡಿದು) ಮಹಾಜನಗಳೇ! ಐದು ವರ್ಷದಲ್ಲಿ ಸರ್ಕಾರ ಏನು ಮಾಡಿದೆ ಅಂತ ಕೇಳೋರಿಗೆ ಕಣ್ಣಿಲ್ವಾ? ಟಾರು ರಸ್ತೆ ನೋಡಿ! ಕಪ್ಪಗೆ, ನುಣ್ಣಗೆ...

ಕ್ವಾಂಬೊಕ: ನೋಡ್ತಾನೇ ಇದ್ದೀವಿ.

ಮೊಗಾಕ: ಹಾಂ, ಹಾಗೆ ಹೇಳು!

ಕ್ವಾಂಬೊಕ: ಹೊಳೆಯ ಈ ದಡದಲ್ಲಿ ನಿಂತ್ಕೊಂಡು ನೋಡ್ತಾನೇ ಇದ್ದೀವಿ. ರಸ್ತೆ ಆ ದಡದಲ್ಲಿದೆ.

ಮೊಗಾಕ: ನೋಡೋಕೆ ಚೆನ್ನಾಗಿಲ್ವಾ?

ಕ್ವಾಂಬೊಕ: ಚೆನ್ನಾಗಿಲ್ಲ ಅಂತ ಯಾರಂದ್ರು? ನೆಂಟರು ಬಂದ್ರೆ ಕರ್ಕೊಂಡು ಹೋಗಿ ತೋರಿಸ್ತೀನಿ.

ಮೊಗಾಕ: ಹೊಸ ಆಸ್ಪತ್ರೆ! ಹೆರಿಗೆ ವಾರ್ಡು, ಬಿಳೀ ಹಾಸಿಗೆ...

ಕ್ವಾಂಬೊಕ: ಯಾವ ದಡ?

ಮೊಗಾಕ: ಆ ದಡ. ಮಾರ್ಕೆಟ್ಟಿಗೆ ಹೊಸ ಚಾವಣಿ! ನೀನು ಕೇಳೋಕೆ ಮೊದಲೇ ಹೇಳ್ತೀನಿ, ಅದೂ ಆ ದಡ. ಆದ್ರೆ ಅಗ್ಗದ ಗೊಬ್ಬರ? ಅದು ಈ ದಡಕ್ಕೆ ಬಂತೋ ಇಲ್ವೋ? ನಾನೇ ಹೆಗಲ ಮೇಲೆ ಹೊತ್ತು ತಂದೆ.

ಕ್ವಾಂಬೊಕ: ಅರ್ಧ ಚೀಲ ತಂದ್ರಿ. ಇನ್ನರ್ಧ ದಾರೀಲಿ ಹೊಳೆಗೆ ಬಿತ್ತು. ಹೊಳೆ ಪಕ್ಕದ ಹುಲ್ಲು ಈ ಸಲ ಎಷ್ಟು ಹಸಿರಾಗಿದೆ ನೋಡಿದ್ರಾ? ಎಲ್ಲಾ ಸರ್ಕಾರದ ಸಾಧನೆ.

ಮೊಗಾಕ: ನಿನ್ನ ಕಣ್ಣಿಗೆ ಒಳ್ಳೇದು ಬೀಳೋದೇ ಇಲ್ಲ.

ಕ್ವಾಂಬೊಕ: ಬೀಳುತ್ತೆ ರೀ. ಅಭಿವೃದ್ಧಿ ಬಂದಿದ್ದು ನಿಜ. ಹೊಳೆ ತನಕ ಬಂತು, ನಿಂತ್ಕೊಳ್ತು. ಅದಕ್ಕೂ ಈಜು ಬರಲ್ಲ ಅಂತ ಕಾಣುತ್ತೆ.

ಮೊಗಾಕ: ಕರೆಂಟು? ಅದು ಬರಲಿಲ್ವಾ?

ಕ್ವಾಂಬೊಕ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಜಗಳಗಂಟಿಯಾದರೂ ಸುಳ್ಳು ಹೇಳುವ ಹೆಂಗಸಲ್ಲ.

ಕ್ವಾಂಬೊಕ: ಬಂತು. ಇಲ್ಲ ಅಂದ್ರೆ ನನ್ನ ಬಾಯಿ ಸೇದಿ ಹೋಗುತ್ತೆ. ನಮ್ಮ ಮಗಳು ಕೆಮುಂತೊ ದೀಪದ ಕೆಳಗೆ ಕೂತು ಓದ್ತಾಳೆ, ಸೀಮೆಎಣ್ಣೆ ಹೊಗೆ ತಪ್ಪಿತು. ಅದನ್ನ ಹೇಳಿ, ನಾನೇ ಎದ್ದು ನಿಂತು ಚಪ್ಪಾಳೆ ತಟ್ತೀನಿ.

ತಟ್ಟಿಯೂ ಬಿಟ್ಟಳು. ಮೊಗಾಕನಿಗೆ ಗಾಬರಿಯಾಯಿತು.

ಮೊಗಾಕ: ಇದರಲ್ಲಿ ಏನೋ ಇದೆ.

ಕ್ವಾಂಬೊಕ: ಏನೂ ಇಲ್ಲ. ತಂತಿ ಮೇಲಿಂದ ಬಂತು, ಅದರ ಕಾಲು ನೆನೀಲಿಲ್ಲ. ತಲೆ ಮೇಲೆ ಬಾಳೆಗೊನೆ ಹೊತ್ತ ಹೆಂಗಸಿಗೆ ತಂತಿ ಮೇಲೆ ನಡೆಯೋಕೆ ಬರಲ್ಲ, ಅಷ್ಟೆ.

ಮೊಗಾಕ: ಅದಕ್ಕೇ ತಾನೇ ಸೇತುವೆ! (ಮತ್ತೆ ತೆನೆ ಎತ್ತಿ) ಸೇತುವೆ ಕೆಲಸ ಭರದಿಂದ ಪ್ರಗತಿಯಲ್ಲಿದೆ!

ಕ್ವಾಂಬೊಕ: ನಮ್ಮಮ್ಮ ದಿನ ತುಂಬಿದ ಹೊಟ್ಟೆ ಹೊತ್ತು ಇದೇ ಹೊಳೇನ ಮೇಲ್ಗಡೆ, ನನ್ನ ತವರೂರ ಹತ್ರ ದಾಟಿದಳಂತೆ. ದಡ ಮುಟ್ಟಿದ್ದೇ ತಡ, ನಾನು ಹುಟ್ಟಿದೆ. ಅದಕ್ಕೇ ಕ್ವಾಂಬೊಕ, ದಾಟಿ ಬಂದೋಳು ಅಂತ ಹೆಸರಿಟ್ರು. ಅವತ್ತೂ ಸೇತುವೆ ಇರಲಿಲ್ಲ, ಇವತ್ತೂ ಇಲ್ಲ.

ಮೊಗಾಕ: ಅವತ್ತಿದ್ದಿದ್ದು ಬೇರೆ ಸರ್ಕಾರ.

ಕ್ವಾಂಬೊಕ: ಹೊಳೆ ಅದೇ.

ಮೊಗಾಕ: ನೀನು ಒಪ್ಪು, ಬಿಡು. ನಾಳೆ ನಾನು ಹೇಳೋದು ಹೇಳೋದೇ. ಕೆಲಸ ಪ್ರಗತಿಯಲ್ಲಿದೆ.

ಕ್ವಾಂಬೊಕ: ಧಾರಾಳವಾಗಿ ಹೇಳಿ. ನಿನ್ನೆಯಿಂದ ಅದು ನಿಜಾನೇ. ಎರಡು ಕಲ್ಲು ಕೂತಿದೆ, ಇನ್ನೊಂದು ಬಾಕಿ.

ಮೊಗಾಕ: ಏನಂದೆ? ಇಂಜಿನಿಯರ್ ಬಂದಿದ್ರಾ? ನನಗ್ಯಾಕೆ ಯಾರೂ ಹೇಳಲಿಲ್ಲ? ನಾನು ಸಮಿತಿ ಉಪಾಧ್ಯಕ್ಷ ಕಣೇ!

ಕ್ವಾಂಬೊಕ: ಇಂಜಿನಿಯರೂ ಇಲ್ಲ, ಗಿಂಜಿನಿಯರೂ ಇಲ್ಲ. ನಮ್ಮ ಹೆಂಗಸರ ಸಂಘದೋರೇ ಕೂರಿಸಿದ್ವಿ.

ಮೊಗಾಕ: ಅಷ್ಟು ದೊಡ್ಡ ಕಲ್ಲು ಎಲ್ಲಿಂದ ತಂದ್ರಿ?

ಕ್ವಾಂಬೊಕ: ಆ ದಡದಲ್ಲೇ ಇತ್ತಲ್ಲ, ಮರದ ಕೆಳಗೆ. ಸೇತುವೆಗೆ ಅಂತ ಅದರ ಮೇಲೇ ಬರೆದಿತ್ತು.

ಬಕೆಟ್ಟು ಪಟ್ ಎಂದಿತು. ಮೊಗಾಕ ನೆಲಕ್ಕೆ ಬಂದ. ಆ ಕಲ್ಲುಗಳು ಇನ್ಯಾವುವೂ ಅಲ್ಲ, ಸೇತುವೆಯ ಅಡಿಗಲ್ಲುಗಳು. ಹಿಂದಿನ ಎಂ.ಪಿ. ತನ್ನ ಚುನಾವಣೆಗೆ ಮುಂಚೆ ಒಂದು ಚಪ್ಪಡಿ ನೆಟ್ಟಿದ್ದ. ಈಗಿನವರು ಬಂದ ಮೇಲೆ ಪಕ್ಕದಲ್ಲೇ ಇನ್ನೊಂದು ನೆಟ್ಟರು. ಎರಡು ಸಲವೂ ಕುಣಿತವಾಯಿತು, ಮೇಕೆ ಕಡಿದರು, ಸೋಡಾ ಹಂಚಿದರು. ಅಲ್ಲಿಗೆ ಸೇತುವೆಯ ಕೆಲಸ ಮುಗಿಯಿತು. ಉಪಾಧ್ಯಕ್ಷನಾಗಿ ಮೊಗಾಕ ಮಾಡಿದ್ದೆಂದರೆ ಆಗಾಗ ಆ ಕಲ್ಲುಗಳ ಪಾಚಿ ಒರೆಸಿದ್ದು. ಪಾಪ, ಅಷ್ಟನ್ನಾದರೂ ಶ್ರದ್ಧೆಯಿಂದ ಮಾಡುತ್ತಿದ್ದ.

ಗಂಡ ಹಾರೆ ಹಿಡಿದು ಹೊಳೆಯ ಕಡೆ ಓಡಿದ. ಹೆಂಡತಿ ಹಿಂದೆ ಓಡಿದಳು. ನಾನೂ ಎಲೆಯ ಬುಟ್ಟಿ ಇಳಿಸಿ ಹೊರಟೆ. ಇಂಥದ್ದನ್ನು ಬಿಡುವುದುಂಟೆ?

ಹೊಳೆಯಲ್ಲಿ ಗುಂಡುಕಲ್ಲುಗಳ ಮೇಲೆ ಎರಡು ಚಪ್ಪಡಿಗಳು ಭದ್ರವಾಗಿ ಕೂತಿದ್ದವು. ಆ ದಡದ ಹತ್ತಿರ ಚಿಕ್ಕದು, ನಡುವೆ ದೊಡ್ಡದು. ದೊಡ್ಡದಕ್ಕೂ ನಮ್ಮ ದಡಕ್ಕೂ ಮಧ್ಯೆ ಮಾತ್ರ ಖಾಲಿ. ನೀರು ಆಳವಿರುವುದೂ ಅಲ್ಲೇ.

ಮೊಗಾಕ: ಅಯ್ಯಯ್ಯೋ! ಹೆಸರು ಮೇಲ್ಮುಖ ಮಾಡಿದ್ದೀರಲ್ಲೇ! ಸಾಹೇಬ್ರ ಹೆಸರನ್ನ ತುಳ್ಕೊಂಡು ಓಡಾಡ್ತೀರಾ? ಕವುಚಿ ಹಾಕೋಕೇನಾಗಿತ್ತು?

ಕ್ವಾಂಬೊಕ: ಹಾಕಿ ನೋಡಿದ್ವಿ, ಜಾರುತ್ತೆ. ಅಕ್ಷರ ಕೆತ್ತಿರೋ ಕಡೆ ಕಾಲಿಗೆ ಹಿಡಿತ ಸಿಗುತ್ತೆ. ಹಳೇ ಎಂ.ಪಿ. ಹೆಸರು ಬರೀ ಒಸೊ. ಕಲ್ಲೂ ಅಷ್ಟೇ, ಒಂದೇ ಪಾದ ಹಿಡಿಯುತ್ತೆ. ನಿಮ್ಮೋರದು ನೋಡಿ. ಮಾನ್ಯ ಡಾಕ್ಟರ್ ಜೆರೆಮಯ್ಯ ನ್ಯಾಂಬೆಗೆರಾ ಮಾಟಗಾರೊ! ಎರಡೂ ಕಾಲು ಊರಿ ಉಸಿರು ತಗೋಬಹುದು. ಹಿಂದಿನೋರಿಗಿಂತ ಈಗಿನೋರ ಸಾಧನೆ ದೊಡ್ಡದು ಅಂತ ನಾನೂ ಒಪ್ತೀನಿ.

ಮೊಗಾಕ: ಮೊದಲು ಎತ್ತಬೇಕು. ನಾಳೆ ಸಾಹೇಬ್ರು ಇವಕ್ಕೆ ಹಾರ ಹಾಕಿ, ಪಕ್ಕದಲ್ಲಿ ಹೊಸ ಅಡಿಗಲ್ಲು ನೆಡ್ತಾರೆ.

ಕ್ವಾಂಬೊಕ: (ಕಣ್ಣರಳಿಸಿ) ಇನ್ನೊಂದು ಕಲ್ಲಾ?

ಮೊಗಾಕ: ಕೆಲಸಕ್ಕೆ ಮತ್ತೆ ಚಾಲನೆ.

ಕ್ವಾಂಬೊಕ: ಇದನ್ನ ಆಗಲೇ ಹೇಳಬಾರದಾಗಿತ್ತಾ! ಅಷ್ಟು ಹೊತ್ತು ಸುಮ್ನೆ ಜಗಳ ಆಡಿದ್ನಲ್ಲ. ನನ್ನ ವೋಟು ನಿಮ್ಮ ಪಕ್ಷಕ್ಕೇ. ಸಂಘದೋರ ವೋಟೂ ನಿಮಗೇ.

ಮೊಗಾಕ: ಈಗ ಇವನ್ನ ಎತ್ತೋಕೆ ಬಿಡು.

ಕ್ವಾಂಬೊಕ: ಎತ್ತಿ, ಯಾರು ಬೇಡ ಅಂದ್ರು? ಏಪ್ರಿಲ್ ಮಳೇಲಿ ನಾನು ಜಾರಿದ್ದು ಇಲ್ಲೇ ಅಲ್ವಾ?

ಮೊಗಾಕನ ಹಾರೆ ಅರ್ಧದಲ್ಲೇ ನಿಂತಿತು. ಏಪ್ರಿಲ್‌ನಲ್ಲಿ ಹೊಳೆ ಕೆಂಪಗೆ ಉಕ್ಕಿದ ದಿನ ಅವಳ ತಲೆಯ ಮೇಲಿನ ಗೊನೆ ತೇಲಿಹೋಗಿತ್ತು. ಅವಳೂ ಹೋಗುವವಳೇ, ಮೊಗಾಕ ಸೊಂಟದ ಬಟ್ಟೆಯ ಸೆರಗು ಹಿಡಿದೆಳೆದು ಉಳಿಸಿಕೊಂಡಿದ್ದ.

ಮೊಗಾಕ: ಅವತ್ತು ನಿನ್ನ ಸೊಂಟದ ಬಟ್ಟೆ ಗಂಟು ಬಿಚ್ಚಿಹೋಗಿದ್ರೆ... ನೀನು ಮಾರ್ಕೆಟ್ಟಿಗೆ ಹೋದ ದಿನ ಉಗಾಲಿ ಮುದ್ದೆ ನನ್ನ ಗಂಟಲಲ್ಲಿ ಇಳಿಯಲ್ಲ ಕಣೇ. ತಿರುಗಿ ಬರೋವರೆಗೂ ಜೀವ ಹೊಳೆ ಹತ್ರಾನೇ ಇರುತ್ತೆ.

ಕ್ವಾಂಬೊಕ: ಇದನ್ನ ಹೇಳಿ ನಾಳೆ ಸಭೇಲಿ.

ಮೊಗಾಕ: ಇದು ಸರ್ಕಾರದ ಸಾಧನೆ ಅಲ್ವಲ್ಲ.

ಕ್ವಾಂಬೊಕ: ಅಲ್ಲ, ನಿಮ್ಮದು.

ಇಬ್ಬರೂ ಹೀಗೆ ಮೆತ್ತಗಾಗಿದ್ದು ನಾನು ನೋಡಿದ್ದೇ ಅಪರೂಪ. ಅಷ್ಟರಲ್ಲಿ ಆ ದಡದಲ್ಲಿ ಕಾರಿನ ಹಾರನ್ ಕೇಳಿಸಿತು. ಸಭೆಯ ಏರ್ಪಾಡು ನೋಡಲು ಎಂ.ಪಿ.ಯ ಬಲಗೈ ಒಮ್ವೆಂಗಾ ಬಂದಿದ್ದ. ಮಿರಿಮಿರಿ ಮಿಂಚುವ ಬೂಟು, ಬಿಗಿಯಾದ ಕೋಟು.

ಒಮ್ವೆಂಗಾ: (ಆ ದಡದಿಂದ ಕೂಗಿ) ಏಯ್ ಮೊಗಾಕ! ಅಡಿಗಲ್ಲೆಲ್ಲಯ್ಯಾ? ಬರೀ ಗುಂಡಿ ಕಾಣ್ತಿದೆ! ವಿರೋಧ ಪಕ್ಷದೋರು ಕದ್ರಾ?

ಮೊಗಾಕ: ಇಲ್ಲ ಸಾರ್! ಜನ ಬಳಸ್ತಾ ಇದ್ದಾರೆ! ಕಲ್ಲು ಹಾಕಿ ಮರೆತುಬಿಟ್ರು ಅಂತ ಬೇರೆ ಊರುಗಳಲ್ಲಿ ಬೈತಾರಲ್ಲ, ನಮ್ಮೂರಿಗೆ ಬಂದು ನೋಡಲಿ! ಸಾಹೇಬ್ರು ಹಾಕಿದ ಕಲ್ಲಿನ ಮೇಲೆ ಹೆಂಗಸರು ಹೊಳೆ ದಾಟ್ತಾ ಇದ್ದಾರೆ! ಈ ಸರ್ಕಾರ ಹಾಕಿದ ಒಂದು ಕಲ್ಲೂ ದಂಡ ಆಗಿಲ್ಲ ಸಾರ್!

ಅವನ ಬಾಯಿಂದ ಅಷ್ಟು ಚೆನ್ನಾದ ಭಾಷಣ ಹಿಂದೆಂದೂ ಬಂದಿರಲಿಲ್ಲ. ಬಕೆಟ್ಟೂ ಬೇಕಾಗಲಿಲ್ಲ.

ಒಮ್ವೆಂಗಾ: ಭೇಷ್! ಹಾಗಾದ್ರೆ ಸೇತುವೆ ಮುಗೀತು ಅನ್ನು! ನಾಳೆ ಅಡಿಗಲ್ಲು ಯಾಕೆ? ನೇರವಾಗಿ ಉದ್ಘಾಟನೆ! ಹೊಸ ಕಲ್ಲು ಇನ್ನೂ ಕೆತ್ತೋನ ಹತ್ರ ಇದೆ. ಸೇತುವೆ ಅನ್ನೋ ಕಡೆ ಹಾಲಿನ ಡೈರಿ ಅಂತ ಕೆತ್ತಿಸಿ ಪಕ್ಕದೂರಿಗೆ ಕಳಿಸ್ತೀನಿ.

ಕ್ವಾಂಬೊಕ: (ಗಂಡನ ತೋಳು ಚಿವುಟಿ) ಹೊಗಳಿ ಹೊಗಳಿ ನನ್ನ ಕಲ್ಲನ್ನ ಡೈರಿಗೆ ಕಳಿಸಿದ್ರಲ್ರೀ!

ಮೊಗಾಕ ಹೊಳೆಯ ಖಾಲಿ ಜಾಗವನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಮೊಗಾಕ: ಸಾರ್... ಸೇತುವೆ ಮುಗಿದಿಲ್ಲ ಸಾರ್.

ಒಮ್ವೆಂಗಾ: ಈಗ ತಾನೇ ಅಷ್ಟುದ್ದ ಹೇಳಿದೆಯಲ್ಲಯ್ಯಾ! ಚುನಾವಣೆ ವಾರದಲ್ಲಿ ವಿರೋಧ ಪಕ್ಷದ ಮಾತಾಡ್ತೀಯಾ? ಅಧ್ಯಕ್ಷಗಿರಿ ಬೇಡ್ವಾ?

ಮೊಗಾಕ: ಸೇತುವೆ ಮುಗಿದ್ರೆ ಸಮಿತಿ ಯಾಕೆ ಸಾರ್? ಸಮಿತೀನೇ ಇಲ್ಲದ ಮೇಲೆ ಅಧ್ಯಕ್ಷ ಎಲ್ಲಿಂದ ಬರ್ತಾನೆ?

ಕ್ವಾಂಬೊಕ: ಇವರ ಮಾತು ಬಿಡಿ ಅಣ್ಣಾ. ನೀವೇ ದಾಟಿ ನೋಡಿ. ಈಚೆ ಬಂದ್ರೆ ಮುಗಿದಿದೆ ಅಂತಾನೇ ಇಟ್ಕೊಳ್ಳೋಣ.

ಒಮ್ವೆಂಗಾ: ಅದೇನು ಮಹಾ!

ಒಮ್ವೆಂಗಾ ಒಸೊನ ಕಲ್ಲಿನ ಮೇಲೆ ಖುಷಿಯಿಂದ ಕಾಲಿಟ್ಟ. ಬೂಟಿನ ಹಿಮ್ಮಡಿಯಿಂದ ಎರಡು ಸಲ ತಿಕ್ಕಿದ. ಮುಂದಿನ ಕಲ್ಲಿಗೆ ಕಾಲು ಎತ್ತಿದವನು ಎತ್ತಿದ ಹಾಗೆಯೇ ನಿಂತುಬಿಟ್ಟ.

ಒಮ್ವೆಂಗಾ: ಇದು... ಇದು ಸಾಹೇಬ್ರ ಹೆಸರಲ್ವಾ?

ಕ್ವಾಂಬೊಕ: ಹೌದಣ್ಣಾ. ಧೈರ್ಯವಾಗಿ ಇಡಿ. ಡಾಕ್ಟರ್ ಅನ್ನೋ ಕಡೆ ಒಳ್ಳೇ ಹಿಡಿತ ಇದೆ.

ಒಮ್ವೆಂಗಾ: ಛೆ ಛೆ! ಯಾರಾದ್ರೂ ಫೋಟೋ ತೆಗೆದ್ರೆ ನನ್ನ ಗತಿ?

ಮೊಗಾಕ: ಇಲ್ಲಿ ಯಾರಿದ್ದಾರೆ ಸಾರ್?

ಒಮ್ವೆಂಗಾ: ಅಲ್ಲಿ ನಿಂತಿರೋನು ಯಾರು ಮತ್ತೆ?

ಅದು ನಾನು. ಕೈಯಲ್ಲಿ ಫೋನಿತ್ತು, ಸುಳ್ಳೇಕೆ ಹೇಳಲಿ.

ಒಮ್ವೆಂಗಾ ಕೋಟು ಎತ್ತಿ ಹಿಡಿದು ಯಜಮಾನರ ಹೆಸರನ್ನು ಹಾರಿಯೇ ದಾಟುವುದೆಂದು ತೀರ್ಮಾನಿಸಿ ನೆಗೆದ. ಹೆಸರನ್ನೇನೋ ದಾಟಿದ. ಅದರಾಚೆ ದಡ ಇರಲಿಲ್ಲ, ನೀರಿತ್ತು. ಮೊಗಾಕ ಹಾರಿ ಕೋಟಿನ ತುದಿ ಹಿಡಿದೆಳೆದ. ಆ ಜಾಗದಲ್ಲಿ ಜನರನ್ನು ಎಳೆದುಕೊಳ್ಳುವುದು ಅವನಿಗೆ ರೂಢಿಯಾಗಿತ್ತು.

ಒಮ್ವೆಂಗಾ: (ನೀರು ಉಗುಳಿ) ಮುಗಿದಿಲ್ಲ! ಸೇತುವೆ ಮುಗಿದಿಲ್ಲ ಕಣಯ್ಯಾ!

ಮೊಗಾಕ: ನಾನು ಹೇಳಿದ್ರೆ ವಿರೋಧ ಪಕ್ಷ ಅಂದ್ರಿ.

ಒಮ್ವೆಂಗಾ: ಕಲ್ಲು ನಾಳೆ ಇಲ್ಲಿಗೇ ಬರುತ್ತೆ. ಹಳೇ ಕಲ್ಲುಗಳ ಗುಂಡೀಗೆ ಹೂವಿನ ಕುಂಡ ಇಡು. ಸಾಹೇಬ್ರು ಹೋದ್ಮೇಲೆ ಹೊಸದನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ, ನಾನು ನೋಡಿಲ್ಲ. ಆ ಕೆತ್ತೋನಿಗೆ ಈಗಲೇ ಹೇಳಬೇಕು... ಅಯ್ಯೋ, ನನ್ನ ಫೋನು ನೀರಲ್ಲಿ!

ನಾನು ನನ್ನದನ್ನು ಕೊಟ್ಟೆ. ಅದರಲ್ಲಿದ್ದ ಫೋಟೋವನ್ನು ಅಳಿಸಿದ ಮೇಲೆಯೇ ಅವನು ನಂಬರು ಒತ್ತಿದ್ದು.

ಕ್ವಾಂಬೊಕ: ಅಣ್ಣಾ, ಹಾಗೇ ಅವನಿಗೆ ಹೇಳಿಬಿಡಿ, ಸಾಹೇಬ್ರ ಹೆಸರು ಪೂರ್ತಿ ಬರೀಲಿ. ಮಾನ್ಯ, ಡಾಕ್ಟರ್, ಇನ್ನೂ ಏನೇನು ಬಿರುದಿದೆಯೋ ಒಂದೂ ಬಿಡೋದು ಬೇಡ. ಅವರಪ್ಪನ ಹೆಸರು, ತಾತನ ಹೆಸರೂ ಸೇರಲಿ.

ಒಮ್ವೆಂಗಾ: (ಚಳಿಗೆ ನಡುಗುತ್ತಲೇ ಬೀಗಿ) ನೋಡಯ್ಯಾ ಮೊಗಾಕ, ನೋಡಿ ಕಲಿ! ಅಭಿಮಾನ ಅಂದ್ರೆ ಇದು!

ಕ್ವಾಂಬೊಕ: ಆಳವಾಗಿ ಕೆತ್ತಲಿ ಅಣ್ಣಾ. ಮುಂದಿನ ಮಳೆ ಹತ್ರ ಬಂತು.