ಪದವಿಯಿಲ್ಲದ ಮಾಸ್ತರನ ಮಾದರಿ ಪಾಠ

ಮಕ್ಕಳು ಬೆಳೆದರೆ ಅಂಗಿ ಗಿಡ್ಡವಾಗುತ್ತದೆ. ಅದರಿಂದ ಅಂಗಿಗೆ ಬೇಸರವಾಯಿತೇ ಎಂದು ಯಾರೂ ಕೇಳುವುದಿಲ್ಲ. ವಿಜಾಪುರದ ನಮ್ಮ ಟ್ರೇನಿಂಗ್ ಕಾಲೇಜು ಬೆಳೆಯತೊಡಗಿದಾಗ ಆ ಅಂಗಿಯ ಪಾಡು ನನ್ನದಾಯಿತು. ಸಂಸ್ಥೆ ಬೆಳೆಯಬೇಕು, ಮುಗಿಲು ಮುಟ್ಟಬೇಕು ಎಂದು ಯಾರಾದರೂ ಭಾಷಣ ಮಾಡಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸ್ವಲ್ಪ ಹಗುರಾದೀತು.

ನಾನು ತಿಕೋಟೆಯವನು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಎರಡು ವರ್ಷ ಟ್ರೇನಿಂಗ್ ಮುಗಿಸಿ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕಾಲೇಜಿಗೆ ಬಂದವನು. ಕಾಲೇಜು ಎಂದರೆ ಆಗ ಸ್ಟೇಷನ್ ರಸ್ತೆಯಲ್ಲೊಂದು ಹಳೆಯ ಕಟ್ಟಡ, ನಾಲ್ಕು ಕೋಣೆ, ಸೋರುವ ಮಾಳಿಗೆ. ಪ್ರಾಥಮಿಕ ಶಾಲೆಗೆ ಹೋಗುವ ಮಾಸ್ತರರಿಗೆ ಪಾಠ ಮಾಡುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಅವರು ಮಕ್ಕಳ ಮುಂದೆ ನಿಂತು ಅಭ್ಯಾಸ ಪಾಠ ಮಾಡುವಾಗ ನಾನು ಹಿಂದಿನ ಬೆಂಚಿನಲ್ಲಿ ಕುಳಿತು, ಕೆಂಪು ಪೆನ್ಸಿಲ್ ಹಿಡಿದು ತಪ್ಪು ಹುಡುಕುತ್ತಿದ್ದೆ. ಅದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುವಾಗಲೂ ಏನಾದರೂ ತಪ್ಪು ತೆಗೆಯುತ್ತಿದ್ದೆ. ಶಾಂತವ್ವ ಒಮ್ಮೆ ಹಿಟ್ಟಿನ ಕೈಯಲ್ಲೇ ಎದ್ದು, "ಬರ್ರಿ, ಇದೊಂದ ರೊಟ್ಟಿ ನೀವ ಬಡ್ದ ತೋರಸ್ರಿ" ಎಂದಳು. ಪೇಪರು ಓದುವುದಿದೆ ಎಂದು ಹೊರಗೆ ಬಂದೆ. ಕಾಲೇಜಿಗೆ ಬಂದ ಹನ್ನೆರಡು ವರ್ಷದಲ್ಲಿ ನಾನು ಸ್ವತಃ ಮಕ್ಕಳ ಮುಂದೆ ನಿಂತು ಒಂದು ಪಾಠವನ್ನೂ ಮಾಡಿರಲಿಲ್ಲ ಎಂಬುದು ಆಕೆಗೆ ಹೇಗೆ ಗೊತ್ತಾಗಿತ್ತೋ.

ಸಾವಿರದ ಒಂಬೈನೂರ ಅರವತ್ತರ ಆಚೆ ಈಚೆ ಹೊಸ ಪ್ರಾಚಾರ್ಯರು ಬಂದರು. ಒಳ್ಳೆಯ ಮನುಷ್ಯ, ದೋಷವೆಂದರೆ ಕನಸು ಕಾಣುತ್ತಿದ್ದರು, ಕಂಡದ್ದನ್ನು ನಡೆಸಿಯೂ ಬಿಡುತ್ತಿದ್ದರು. ಊರ ಹೊರಗೆ ಜಾಲಿ ಕಂಟಿ ಬೆಳೆದ ಜಾಗಕ್ಕೆ ನಮ್ಮನ್ನೆಲ್ಲ ಕರೆದೊಯ್ದು, "ಇಲ್ಲಿ ಡಿಗ್ರಿ ಕಾಲೇಜು. ಅಲ್ಲಿ ಗ್ರಂಥಾಲಯ. ಆ ಎಮ್ಮಿ ನಿಂತೈತೆಲ್ಲ, ಅಲ್ಲೆ ವಿಶ್ವವಿದ್ಯಾಲಯದ ಕಚೇರಿ" ಎಂದು ಕೈ ಮಾಡಿ ತೋರಿಸಿದರು. ನಾವು ಭಕ್ತಿಯಿಂದ ಎಮ್ಮೆಯನ್ನು ನೋಡಿದೆವು. ಸರಕಾರಕ್ಕೆ ಕಳಿಸಬೇಕಾದ ಮನವಿಯನ್ನು ಬರೆಯುವ ಗೌರವ ನನ್ನ ದುಂಡನೆಯ ಅಕ್ಷರಕ್ಕೆ ಸಿಕ್ಕಿತು. ಹದಿನಾರು ಪುಟ, ಒಂದೂ ಅಕ್ಷರ ಹೊಡೆದುಹಾಕಿದ್ದಿಲ್ಲ. ಒಂಬತ್ತನೆಯ ಪುಟದಲ್ಲಿ 'ಇಲ್ಲಿ ಬೋಧಿಸುವವರೆಲ್ಲರೂ ಇನ್ನು ಮುಂದೆ ಪದವೀಧರರೇ ಆಗಿರುತ್ತಾರೆ' ಎಂಬ ವಾಕ್ಯವಿತ್ತು. ಅದರಲ್ಲಿನ 'ಧ'ಕಾರ ಚೆನ್ನಾಗಿ ಮೂಡಿತೆಂದು ಸಂತೋಷಪಟ್ಟದ್ದು ನೆನಪಿದೆ. ಅರ್ಥ ಮಾತ್ರ ತಲೆಗೆ ಹೋಗಲಿಲ್ಲ.

ಸರಕಾರ ವಿಶ್ವವಿದ್ಯಾಲಯವನ್ನು ಕೊಡಲಿಲ್ಲ, ಮುಂದೆ ನೋಡೋಣ ಎಂದಿತು. ಡಿಗ್ರಿ ಕಾಲೇಜನ್ನು ಕೊಟ್ಟಿತು. ಕಟ್ಟಡ ಎದ್ದಿತು, ಧಾರವಾಡದಿಂದ ಎಂ.ಎ.ಗಳೂ ಎಂ.ಎಡ್.ಗಳೂ ಬಂದರು. ಒಂದು ದಿನ ಪ್ರಾಚಾರ್ಯರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಅವರು ಎಂದೂ ಕುಳಿತುಕೊಳ್ಳಿ ಎಂದವರಲ್ಲ.

"ಮಾಸ್ತರ್, ನಿಮಗ ಡಿಗ್ರಿ ಇಲ್ಲ. ನೀವು ಇನ್ನ ಕಾಲೇಜಿನ್ಯಾಗ ಕಲಸೂ ಹಂಗಿಲ್ರಿ" ಎಂದರು. "ನಮ್ಮ ಅಭ್ಯಾಸದ ಸಾಲಿ ಐತೆಲ್ಲ, ಅಲ್ಲೆ ನಾಕನೇ ಇಯತ್ತೆಕ್ಕ ಮಾಸ್ತರ ಬೇಕು. ಒಂದು ಮಾದರಿ ಪಾಠ ಮಾಡಿ ತೋರಸ್ರಿ. ಕಾಲೇಜಿಗೆ ಹೊಸದಾಗಿ ಕಲಸಾಕ ಬಂದ ಬಾಯಾರು ನೋಡಿ ವರದಿ ಕೊಡ್ತಾರ. ಅವರು ಹೂಂ ಅಂದ್ರ ಆತು."

"ಯಾವ ಬಾಯಾರ್ರಿ?"

"ಕಾಶೀಬಾಯಿ ಅಂತ. ಬಬಲೇಶ್ವರದವರು. ನಿಮ್ಮ ಕೈಯಾಗ ಕಲತಾರಂತಲ್ಲ?"

ಹೌದು, ಕಲಿತಿದ್ದಳು. ಇಲ್ಲಿ ಓದುಗರಿಗೆ ಹಿಂದಿನದೊಂದು ಸಂಗತಿಯನ್ನು ಹೇಳಬೇಕು. ಹೇಳದೆ ದಾಟಿಸಬಹುದಿತ್ತು, ಒಂಬತ್ತು ವರ್ಷ ದಾಟಿಸಿಯೂ ಇದ್ದೆ.

ಕಾಶೀಬಾಯಿ ಬಬಲೇಶ್ವರದ ಊರ ಹೊರಗಿನ ಕೇರಿಯಲ್ಲಿ ಕೂಲಿ ಮಾಡುವ ಮನೆಯ ಹುಡುಗಿ. ಟ್ರೇನಿಂಗಿಗೆ ಬಂದ ವರ್ಷವೇ ಅವಳ ಅಪ್ಪ ಬೌದ್ಧ ಧರ್ಮ ಸೇರಿದ್ದ. ಒಂದು ಹಳ್ಳಿಯ ಶಾಲೆಯಲ್ಲಿ—ಹೆಸರು ಬೇಡ—ಅವಳ ಕೊನೆಯ ಅಭ್ಯಾಸ ಪಾಠವಿತ್ತು. ಹಲಗೆಯ ಮೇಲೆ ತೇದಿ ಬರೆದು ತಿರುಗುವಷ್ಟರಲ್ಲಿ ಬಾಗಿಲಲ್ಲಿ ನಾಲ್ಕೈದು ಜನ ಬಂದು ನಿಂತರು. ಜಗಳವಿಲ್ಲ, ಬೈಗುಳವಿಲ್ಲ. ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕರೆದರು. ಮಕ್ಕಳು ಪಾಟಿ ಎತ್ತಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಉಳಿದ ಏಳು ಮಕ್ಕಳಿಗೆ ಅವಳು ಪೂರ್ತಿ ಪಾಠ ಮಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಎಲ್ಲವನ್ನೂ ಕಂಡೆ. ಏಳಲಿಲ್ಲ, ಮಾತಾಡಲಿಲ್ಲ. ಆಮೇಲೆ ಕೆಂಪು ಪೆನ್ಸಿಲ್ಲಿನಿಂದ 'ವರ್ಗದ ಮೇಲೆ ಹತೋಟಿ ಸಾಲದು' ಎಂದು ಬರೆದೆ. ಅವಳು ಆ ವರ್ಷ ನಪಾಸಾದಳು.

ಈಗ ಅವಳು ಬಿ.ಎ., ಬಿ.ಎಡ್., ಎಂ.ಎಡ್. ನಾನು ಅದೇ ಮುಲ್ಕಿ.

ಮಾದರಿ ಪಾಠಕ್ಕೆಂದು ನಾನು ಡೋಣಿ ನದಿಯನ್ನು ಆರಿಸಿಕೊಂಡೆ. ಹಲಗೆಯ ಮೇಲೆ ನಕಾಶೆ ಬಿಡಿಸಿದೆ. ನದಿ ಎಷ್ಟು ಚಂದ ಬಂತೆಂದರೆ ನಿಜವಾದ ಡೋಣಿ ಕಂಡರೆ ಅಸೂಯೆಪಡಬೇಕು. ತಿರುಗಿದೆ. ಮೂವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕಾಶೀಬಾಯಿ, ಬಿಳಿ ಸೀರೆ, ತೊಡೆಯ ಮೇಲೆ ವಹಿ.

"ನದಿಯಿಂದ ನಮಗೇನು ಉಪಯೋಗ?" ಎಂದೆ.

ಮುಂದೆ ಕುಳಿತ ಹುಡುಗಿ ಪಟ್ಟನೆ, "ಎಮ್ಮಿ ತೊಳ್ಯಾಕ್ರಿ" ಎಂದಳು.

ನನ್ನ ಟಿಪ್ಪಣಿಯಲ್ಲಿ 'ನೀರಾವರಿ' ಎಂಬ ಉತ್ತರವಿತ್ತು. ತಪ್ಪು ಎಂದೆ. ಇನ್ನೊಬ್ಬಳು "ಅರಬಿ ಒಗ್ಯಾಕ್ರಿ" ಎಂದಳು. ಅದೂ ತಪ್ಪೆಂದೆ. ಮತ್ತೊಬ್ಬಳು "ಮುಣಗಿ ಸಾಯಾಕ್ರಿ, ನಮ್ಮ ಕಾಕಾ ಸತ್ತಾನ್ರಿ" ಎಂದಳು. ವರ್ಗವೆಲ್ಲ ಗೊಳ್ಳೆಂದಿತು, ಆ ಹುಡುಗಿ ಮಾತ್ರ ನಗಲಿಲ್ಲ. ನಾನು ಮೇಜು ಗುದ್ದಿ, "ನೀರಾವರಿ! ನೀರಾವರಿ!" ಎಂದು ಕೂಗಿದೆ. ಮಕ್ಕಳು ನನ್ನ ಜೊತೆ ಹಾಡಿನಂತೆ ಕೂಗತೊಡಗಿದರು. ಗಂಟೆ ಬಾರಿಸುವವರೆಗೂ ಅದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಹತೋಟಿಯ ಮಾತನ್ನು ನಾನು ಆಡದಿರುವುದೇ ಒಳ್ಳೆಯದು.

ಆಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ನಿಂತೆವು. ಬಾಯಾರ ಎನ್ನಬೇಕೋ, ಹಿಂದಿನಂತೆ ಹೆಸರು ಹಿಡಿಯಬೇಕೋ ತಿಳಿಯಲಿಲ್ಲ. ಅವಳೇ ಮಾತಾಡಿದಳು.

"ಗುರುಗಳ, ಆ ಹುಡುಗ್ಯಾರು ಹೇಳಿದ್ದು ಖರೇನ ಇತ್ತಲ್ರಿ. ತಪ್ಪ ಯಾಕಂದ್ರಿ?"

"ಟಿಪ್ಪಣಿಯೊಳಗ ಬ್ಯಾರೆ ಬರದಿದ್ದೆ" ಎಂದೆ.

ಅವಳು ಬೇವಿನ ಎಲೆಯೊಂದನ್ನು ಹರಿದಳು. "ಅವತ್ತ ಹಳ್ಳ್ಯಾಗ ಹುಡುಗ್ರು ಯಾಕ ಎದ್ದ ಹ್ವಾದ್ರು ಅಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತವಾ."

"ಮತ್ತ ಹಂಗ್ಯಾಕ ಬರದ್ರಿ?"

ಈ ಪ್ರಶ್ನೆಗೆ ಒಂಬತ್ತು ವರ್ಷ ನಾನು ನಾನಾ ಉತ್ತರ ಹೊಂದಿಸಿಟ್ಟಿದ್ದೆ. ಬಾಯಿಗೆ ಬಂದದ್ದು ಬೇರೆ. "ವರದಿಯೊಳಗ ಅಲ್ಲೊಂದು ಖಾನೆ ಖಾಲಿ ಇತ್ತು. ಏನರ ತುಂಬಬೇಕಿತ್ತು" ಎಂದೆ.

ಅವಳು ಸಿಟ್ಟಾಗಲಿಲ್ಲ. "ಆ ವರ್ಷ ನಾ ಬಬಲೇಶ್ವರದಾಗ ಕಳೇ ತಗ್ಯಾಕ ಹೋದ್ನಿರಿ. ನಮ್ಮಪ್ಪ ಮಾತ್ರ ದಿನಾ ಸಂಜಿಕೆ ಪಾಟಿ ಕೊಟ್ಟು, ನನಗೊಂದು ಪಾಠ ಮಾಡಬೇ ಅಂತಿದ್ದ. ಮರುವರ್ಷ ಪಾಸ್ ಆಗೂತನಕ ನನ್ನ ವರ್ಗದಾಗ ಅವ ಒಬ್ಬನ ಇದ್ದ" ಎಂದಳು. ಆಮೇಲೆ, "ವರದಿ ಬರೀತೀನ್ರಿ. ಕಂಡದ್ದಷ್ಟ ಬರೀತೀನಿ" ಎಂದು ಹೊರಟಳು.

ಮೂರನೆಯ ದಿನ ವರದಿ ಕೈಗೆ ಬಂತು, ಅದರಲ್ಲಿ ನಾಲ್ಕು ಮಾತು. ಮಕ್ಕಳ ಉತ್ತರವನ್ನು ಕೇಳಿಸಿಕೊಳ್ಳುವುದಿಲ್ಲ. ನಾಲ್ಕನೆಯ ವರ್ಗಕ್ಕೆ ಸಲ್ಲರು. ಅಕ್ಷರ ಬಹಳ ಚೆನ್ನಾಗಿದೆ. ಒಂದನೆಯ ವರ್ಗದಲ್ಲಿ ಅಕ್ಷರ ತಿದ್ದಿಸಲು ಯೋಗ್ಯರು. ಪ್ರತಿ ಮಾತೂ ನಿಜ. ಅವಳು ಸೇಡು ತೀರಿಸಿಕೊಂಡಿದ್ದರೆ ಬೈದುಕೊಂಡು ತಿರುಗುತ್ತಿದ್ದೆ, ಕ್ಷಮಿಸಿದ್ದರೆ ಹೇಳಿಕೊಂಡು ತಿರುಗುತ್ತಿದ್ದೆ. ಎರಡಕ್ಕೂ ಆಸ್ಪದ ಕೊಡಲಿಲ್ಲ. ಒಂದನೆಯ ವರ್ಗಕ್ಕೆ ಹೋದೆ. ಹುಡುಗರು ಮೂಗು ಒರೆಸಿಕೊಂಡ ಕೈಯಿಂದಲೇ ನನ್ನ ಧೋತರ ಹಿಡಿಯುತ್ತಿದ್ದರು. ಕಾಲೇಜಿನ ಕಡೆಯಿಂದ ಬರುವ ಚಪ್ಪಾಳೆ ಅಲ್ಲಿಗೂ ಕೇಳುತ್ತಿತ್ತು.

ತಿಂಗಳಾದ ಮೇಲೆ ಕಾಶೀಬಾಯಿ ವರ್ಗದ ಬಾಗಿಲಿಗೆ ಬಂದಳು. "ಗುರುಗಳ, ನಿಮ್ಮ ಸಿದ್ಧೇಶ್ವರ ಗುಡಿ ಕಡೆ ಎಲ್ಯಾರ ಒಂದು ಖೋಲಿ ಬಾಡಿಗಿಗೆ ಸಿಕ್ಕೀತೇನ್ರಿ? ಎಲ್ಲಾರೂ ಮೊದಲ ಛಲೋ ಮಾತಾಡ್ತಾರ. ಯಾವ ಜಾತಿ ಪೈಕಿ ಅಂತ ಕೇಳ್ತಾರ. ಆಮ್ಯಾಲ ಖಾಲಿ ಇಲ್ಲ ಅಂತಾರ" ಎಂದಳು.

"ಕೇಳಿ ನೋಡ್ತೀನವಾ" ಎಂದೆ.

ಯಾರನ್ನು ಕೇಳುವುದು? ನಮ್ಮ ಮನೆಯ ಮೇಲಿನ ಕೋಣೆಯೇ ಖಾಲಿ ಇತ್ತು. ಅಲ್ಲಿದ್ದ ರೇಲ್ವೆ ಗುಮಾಸ್ತರು ಸೊಲ್ಲಾಪುರಕ್ಕೆ ವರ್ಗವಾಗಿ ಎರಡು ತಿಂಗಳಾಗಿತ್ತು. ಸಂಜೆ ಹೆಂಡತಿಗೆ ವಿಷಯ ಹೇಳಿದೆ. ಅವಳು ಬೇಡ ಎಂದಾಳು, ತಪ್ಪು ಅವಳ ತಲೆಯ ಮೇಲೆ ಹೋದೀತು ಎಂಬ ದೂರದ ಆಸೆ ನನಗಿತ್ತು. ಶಾಂತವ್ವ ಮೊರದಲ್ಲಿ ಜೋಳ ಕೇರುವುದನ್ನು ನಿಲ್ಲಿಸಲೂ ಇಲ್ಲ. "ಬರ್ಲಿ. ಕಲತಾಕಿ ಮನ್ಯಾಗಿದ್ರ ಛಲೋನ ಆತು. ನಾಳೇನ ಬಾ ಅಂತ ಹೇಳ್ರಿ" ಎಂದಳು.

ಮರುದಿನ ಹೇಳಬೇಕೆಂದು ಹೊರಟೆ. ಓಣಿಯ ತಿರುವಿನಲ್ಲಿ ಪಕ್ಕದ ಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರು, ನಮಸ್ಕಾರ ಮಾಡಿದರು. ಅಷ್ಟಕ್ಕೇ ಕಾಲೇಜಿನ ದಾರಿ ಬಿಟ್ಟು ನೇರ ನನ್ನ ವರ್ಗಕ್ಕೆ ಹೋದೆ. ನಾಳೆ ಹೇಳೋಣ ಎಂದುಕೊಂಡೆ. ಹೀಗೆ ನಾಲ್ಕು ದಿನ ಅವರು ನಮಸ್ಕಾರ ಮಾಡಿದರು, ನಾಲ್ಕು ದಿನ ನಾನು ನಾಳೆ ಎಂದೆ. ಮನೆಯಲ್ಲಿ ಮಾತ್ರ, ಅವಳು ಸಿಗಲಿಲ್ಲ ಎನ್ನುತ್ತಿದ್ದೆ. ಐದನೆಯ ದಿನ ಧೈರ್ಯ ತಂದುಕೊಂಡು ಕಾಲೇಜಿಗೆ ಹೋದೆ.

"ಬಾಯಾರ, ನಮ್ಮ ಮನ್ಯಾಗ ಮ್ಯಾಲಿನ ಖೋಲಿ ಐತಿ" ಎಂದೆ.

ಅವಳು ನನ್ನನ್ನು ನೋಡಿದಳು. ಎರಡು ತಿಂಗಳಿಂದ ಖಾಲಿಯಿದ್ದ ಕೋಣೆಯ ಸುದ್ದಿ ಅವಳಿಗೆ ತಿಳಿದಿತ್ತೋ ಏನೋ. "ಇರ್ಲಿ ಬಿಡ್ರಿ ಗುರುಗಳ. ನಿನ್ನೆ ಸ್ಟೇಷನ್ ಆಚೆ ಒಂದು ಮನಿ ಸಿಕ್ಕೈತಿ. ದೂರ ಆಕೈತಿ, ನಡೀತೀನಿ" ಎಂದಳು.

ಆ ಕ್ಷಣ ನನಗೆ ದುಃಖವಾಯಿತು ಎಂದು ಬರೆದರೆ ಈ ಪ್ರಬಂಧ ಮರ್ಯಾದೆಯಿಂದ ಮುಗಿಯುತ್ತದೆ. ಮೊದಲು ಆದದ್ದು ಸಮಾಧಾನ, ಬಿಗಿದ ಪಟ್ಟಿ ಸಡಿಲಿಸಿದಂಥ ಸಮಾಧಾನ. ನಾಚಿಕೆ ಬಂದದ್ದು ಮನೆಗೆ ಹೋದ ಮೇಲೆ, ಶಾಂತವ್ವ ಮೇಲಿನ ಕೋಣೆಯನ್ನು ಸಾರಿಸಿ, ಕಿಟಕಿ ತೆರೆದಿಟ್ಟು, "ಯಾವಾಗ ಬರ್ತಾಳಂತ್ರಿ?" ಎಂದು ಕೇಳಿದಾಗ.